ಕುದುರೆಯ ಹಿಂಗಾಲು

"ಅಪ್ಪಾ! ಅದು ನನ್ನ ಮೊಣಕಾಲು! ಯಾರದೋ ಗಲ್ಲ ಅಲ್ಲ!"

ಗಿರಗಿಟ್ಲೆ ಹಾಗೆ ಕಿರುಚಿದ ಮೇಲೇ ಅಪ್ಪನಿಗೆ ಪೂರ್ತಿ ಎಚ್ಚರವಾಯಿತು. ನೋಡಿದರೆ ಎಡಗೈಯಲ್ಲಿ ಸೋಪಿನ ಬ್ರಷ್ಷು, ಬಲಗೈಯಲ್ಲಿ ರೇಜರ್ರು. ಎದುರಿನ ದೊಡ್ಡ ಕುರ್ಚಿಯಲ್ಲಿ ಮಗಳು. ಮಗಳ ಎರಡೂ ಮೊಣಕಾಲುಗಳ ಮೇಲೆ ಬೆಳ್ಳಗೆ, ದಪ್ಪಗೆ ನೊರೆ.

"ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ನಿದ್ದೆಗಣ್ಣು ಕಣೇ. ಕೈ ಅದರ ಪಾಡಿಗೆ ಅದು ಹೋಗಿಬಿಡ್ತು," ಅಂದ ಅಪ್ಪ.

"ಮೀಸೆ ಬಿಡ್ಲಾ, ತೆಗೀಲಾ ಅಂತ ಕೇಳ್ಲಿಲ್ವಲ್ಲ, ಅದೇ ನನ್ನ ಪುಣ್ಯ."

ಅಪ್ಪ ನಗುತ್ತಾ ನೊರೆ ಒರೆಸಿದ. ಆಮೇಲೆ ಉಗಿ ಪೆಟ್ಟಿಗೆ ತೆಗೆದು ಬಿಸಿ ಟವಲ್ ಹಿಂಡಿ, ಗಿರಗಿಟ್ಲೆಯ ಮೊಣಕಾಲಿಗೆ ಸುತ್ತಿದ. ಅಪ್ಪನದು ಕಟಿಂಗ್ ಶಾಪು. ಕೆಳಗೆ ಅಂಗಡಿ, ಮೇಲೆ ಮನೆ. ಗಿರಾಕಿಗಳ ಗಲ್ಲಕ್ಕೆ ಅಂತ ಇಟ್ಟಿರುವ ಬಿಸಿ ಟವಲ್ಲು ದಿನಾ ಬೆಳಿಗ್ಗೆ ಮೊದಲು ಸಿಗುವುದು ಮಗಳ ಮೊಣಕಾಲುಗಳಿಗೆ.

ಗಿರಗಿಟ್ಲೆ ಅನ್ನುವುದು ಅವಳ ನಿಜವಾದ ಹೆಸರೇನಲ್ಲ. ನಡೆಯಲು ಕಲಿತ ದಿನದಿಂದ ಒಂದು ಕಡೆ ನಿಂತವಳಲ್ಲ, ಅದಕ್ಕೆ ಅಮ್ಮ ಹಾಗೆ ಕರೆದಳು. ಶಾಲೆಯಲ್ಲೂ ಅದೇ ಅಂಟಿಕೊಂಡಿತು. ಆದರೆ ಕಳೆದ ರಜದಲ್ಲಿ ಈ ಗಿರಗಿಟ್ಲೆಯ ಮೊಣಕಾಲುಗಳು ಬನ್ನಿನ ಹಾಗೆ ಊದಿಕೊಂಡವು. ಡಾಕ್ಟರು ಒತ್ತಿ, ಮಡಿಸಿ, ರಕ್ತ ಪರೀಕ್ಷೆ ಮಾಡಿಸಿ, "ಇದು ಆರ್ಥ್ರೈಟಿಸ್," ಅಂದರು.

"ಅದು ಮುದುಕರಿಗೆ ಬರೋದಲ್ವಾ?" ಅಂತ ಅಪ್ಪ ಬಾಯಿ ಬಿಟ್ಟ.

"ಮಕ್ಕಳಿಗೂ ಬರತ್ತೆ," ಅಂದರು ಡಾಕ್ಟರು. ಆಮೇಲೆ ಗಿರಗಿಟ್ಲೆಯ ಕಡೆ ತಿರುಗಿದರು. "ನಮ್ಮ ಮೈಯೊಳಗೆ ಕಾವಲುಗಾರರು ಇರ್ತಾರೆ ಪುಟ್ಟಾ. ರೋಗ ಬಂದ್ರೆ ಹೊಡೆದು ಓಡಿಸೋದು ಅವರ ಕೆಲಸ. ನಿನ್ನ ಕಾವಲುಗಾರರು ಅಡ್ರೆಸ್ ತಪ್ಪಿ ನಿನ್ನ ಮೊಣಕಾಲಿಗೇ ನುಗ್ಗಿ ಗಲಾಟೆ ಮಾಡ್ತಿದ್ದಾರೆ. ಅವರನ್ನ ಸಮಾಧಾನ ಮಾಡೋಕೆ ಔಷಧಿ ಕೊಡ್ತೀನಿ. ಬಿಗಿ ಬಿಡೋಕೆ ಬಿಸಿ ಶಾಖ. ದಿನಾ ವ್ಯಾಯಾಮ. ಮಧ್ಯೆ ಮಧ್ಯೆ ವಿಶ್ರಾಂತಿ."

ಆದರೆ ಆ ಕಾವಲುಗಾರರು ಮಹಾ ತರಲೆಗಳು. ಬೆಳಿಗ್ಗೆ ಏಳುವಾಗ ಮೊಣಕಾಲು ಮಡಿಸಲೂ ಆಗದು. ಗಿರಗಿಟ್ಲೆ ಒಂದೊಂದೇ ಮೆಟ್ಟಿಲ ಮೇಲೆ ಕೂತು, ಜಾರಿ, ಕೂತು, ಜಾರಿ ಅಂಗಡಿಗೆ ಇಳಿಯುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅವೇ ಕಾಲುಗಳು, ಏನೂ ನಡೆದೇ ಇಲ್ಲ ಅನ್ನುವ ಹಾಗೆ, ಕುಣಿಯಲು ತಯಾರು.

ಅಮ್ಮ ಬಸ್ ಡ್ರೈವರ್. ಅವಳಿಗೆ ಇದರಲ್ಲಿ ಆಶ್ಚರ್ಯವೇ ಕಾಣಲಿಲ್ಲ. "ಬಸ್ಸನ್ನೂ ಬೆಳಿಗ್ಗೆ ಕೀ ತಿರುಗಿಸಿದ ಕೂಡಲೇ ಓಡಿಸಲ್ಲ ಕಣೇ. ಇಂಜಿನ್ ಬಿಸಿ ಆಗ್ಬೇಕು," ಅಂತ ಹೇಳಿ, ಇಂಜಿನ್ ಬಿಸಿ ಮಾಡಲು ಹೊರಟೇಹೋಗುತ್ತಿದ್ದಳು.

ಸರಿ, ಬಸ್ಸಿಗೆ ಯಾರೂ "ಯಾಕೆ ಲೇಟು?" ಅಂತ ಕೇಳುವುದಿಲ್ಲ. ಕೇಳಿದರೂ ಅಮ್ಮ ಉತ್ತರ ಕೊಡುತ್ತಾಳೆ. ಗಿರಗಿಟ್ಲೆಯನ್ನು ನಾಟಕದ ಟೀಚರು ದಿನಾ ಕೇಳುತ್ತಿದ್ದರು.

ಶಾಲೆಯ ವಾರ್ಷಿಕೋತ್ಸವಕ್ಕೆ ಒಂದು ನಾಟಕವಿತ್ತು. ವ್ಯಾಪಾರಿ ಎಷ್ಟು ಎಳೆದರೂ ಸಂತೆಗೆ ಬರೋದಿಲ್ಲ ಅಂತ ಹಟ ಹಿಡಿಯುವ ಕುದುರೆಯ ಕತೆ. ಕುದುರೆಯೊಳಗೆ ಇಬ್ಬರು. ಮುಂಭಾಗ ಲೌಡ್‌ಸ್ಪೀಕರ್. ಲೌಡ್‌ಸ್ಪೀಕರ್ ಅಂದರೆ ಗಿರಗಿಟ್ಲೆಯ ಜೀವದ ಗೆಳತಿ. ಅವಳು ಗುಟ್ಟು ಹೇಳಿದರೆ ಪಕ್ಕದ ಬೀದಿಗೂ ಕೇಳುತ್ತಿತ್ತು. ಹಿಂಭಾಗ ಗಿರಗಿಟ್ಲೆ.

ಹಿಂಭಾಗ ಅಂತ ಮೂಗು ಮುರಿಯಬೇಡಿ. ಮುಂಭಾಗಕ್ಕೆ ಇರುವುದು ಬರೀ ತಲೆ. ಹಿಂಭಾಗಕ್ಕೆ ಒದೆ ಇದೆ, ಬಾಲ ಇದೆ. ಬಾಲಕ್ಕೆ ಒಳಗಡೆಯಿಂದ ಒಂದು ದಾರ. ಎಳೆದರೆ ಬಾಲ ಸೆಟೆದು ನಿಲ್ಲುತ್ತಿತ್ತು, ಜಗ್ಗಾಡಿದರೆ ವ್ಯಾಪಾರಿಯ ಮುಖಕ್ಕೆ ಪಟಾರನೆ ಬಡಿಯುತ್ತಿತ್ತು. ಆ ನಾಟಕದಲ್ಲಿ ನಗು ಬರುವ ಜಾಗ ಎಲ್ಲಾ ಹಿಂದುಗಡೆಯೇ ಇತ್ತು. ಅದನ್ನು ಬಿಟ್ಟುಕೊಡುವುದಕ್ಕಿಂತ ಗಣಿತದಲ್ಲಿ ಸೊನ್ನೆ ತಗೊಳ್ಳುವುದೇ ವಾಸಿ ಅಂತ ಗಿರಗಿಟ್ಲೆ ತೀರ್ಮಾನಿಸಿದ್ದಳು.

ತೊಂದರೆ ಒಂದೇ. ಪ್ರಾಕ್ಟೀಸು ಬೆಳಿಗ್ಗೆ, ಪ್ರಾರ್ಥನೆಗಿಂತ ಮುಂಚೆ.

ಅವತ್ತೂ ಅವಳು ಹೋಗುವಷ್ಟರಲ್ಲಿ ಲೌಡ್‌ಸ್ಪೀಕರ್ ಒಬ್ಬಳೇ ಅರ್ಧ ಕುದುರೆಯಾಗಿ ವೇದಿಕೆ ಸುತ್ತುತ್ತಿದ್ದಳು. ಹಿಂಭಾಗದ ಬಟ್ಟೆ ನೆಲ ಗುಡಿಸುತ್ತಿತ್ತು.

"ಮತ್ತೆ ಲೇಟು!" ಅಂದರು ಟೀಚರು. "ಹೀಗಾದ್ರೆ ಹಿಂಗಾಲು ಬೇರೆ ಯಾರಿಗಾದ್ರೂ ಕೊಡಬೇಕಾಗತ್ತೆ. ಏನು ನಿನ್ನ ಕಾರಣ?"

ನಿಜ ಹೇಳಿದರೆ ಮುಗಿಯಿತು, ಹಿಂಗಾಲೂ ಹೋಯಿತು, ಬಾಲವೂ ಹೋಯಿತು. ಅದಕ್ಕೇ ಗಿರಗಿಟ್ಲೆ ಮನೆಯಲ್ಲಿ "ಶಾಲೇಲಿ ನಾನೇ ಹೇಳ್ತೀನಿ, ನೀವ್ಯಾರೂ ಹೇಳ್ಬೇಡಿ" ಅಂತ ಭಾಷೆ ತಗೊಂಡು, ಇನ್ನೂ ಹೇಳದೇ ಇದ್ದಳು.

"ಮಿಸ್... ಮನೇಲಿ... ದೊಡ್ಡಪ್ಪಂಗೆ ಮೊಣಕಾಲು ನೋವು ಮಿಸ್. ಬೆಳಿಗ್ಗೆ ಏಳೋಕೇ ಆಗಲ್ಲ. ಬಿಸಿ ಟವಲ್ ಸುತ್ತಬೇಕು, ಕಾಲು ಆಡಿಸಬೇಕು..."

ಟೀಚರ ಮುಖ ಕರಗಿಹೋಯಿತು. "ಅಯ್ಯೋ ಪಾಪ! ಇಷ್ಟು ಚಿಕ್ಕ ಹುಡುಗಿ ಎಷ್ಟು ಸೇವೆ ಮಾಡ್ತೀಯಾ!"

ಗಿರಗಿಟ್ಲೆಗೆ ದೊಡ್ಡಪ್ಪನೇ ಇರಲಿಲ್ಲ. ಅಪ್ಪನೇ ಮನೆಗೆ ಹಿರಿಮಗ.

ಆದರೆ ಇಲ್ಲದ ದೊಡ್ಡಪ್ಪ ದಿನದಿಂದ ದಿನಕ್ಕೆ ಬೆಳೆದ. ಒಂದು ದಿನ ಅವನಿಗೆ ಮೆಟ್ಟಿಲು ಇಳಿಯಲು ಆಗಲಿಲ್ಲ. ಇನ್ನೊಂದು ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕಾಯಿತು. "ಮೊಣಕಾಲು ನೋವಿಗೆ ಕಣ್ಣಿನ ಡಾಕ್ಟರಾ?" ಅಂತ ಟೀಚರು ಹುಬ್ಬೇರಿಸಿದರು. "ಹೂಂ ಮಿಸ್, ಈ ಕಾಯಿಲೇಲಿ ಕೆಲವು ಸಲ ಕಣ್ಣಿಗೂ ತೊಂದರೆ ಆಗತ್ತಂತೆ, ಅದಕ್ಕೇ ಮೊದಲೇ ನೋಡಿಸ್ಕೋಬೇಕು," ಅಂದಳು ಗಿರಗಿಟ್ಲೆ. ಅದೆಲ್ಲಾ ನಿಜವೇ. ಸುಳ್ಳು ದೊಡ್ಡಪ್ಪ ಒಬ್ಬನೇ.

ಲೌಡ್‌ಸ್ಪೀಕರ್‌ಗಂತೂ ಆ ದೊಡ್ಡಪ್ಪನ ಮೇಲೆ ವಿಪರೀತ ಕರುಣೆ ಹುಟ್ಟಿತು. ಅವಳ ಕರುಣೆಯೂ ಅವಳ ದನಿಯಷ್ಟೇ ದೊಡ್ಡದು.

ಶನಿವಾರ ಮಧ್ಯಾಹ್ನ. ಅಪ್ಪ ಬ್ಲೇಡು ತರಲು ಹೊರಗೆ ಹೋಗಿದ್ದ. ಅಂಗಡಿಯಲ್ಲಿ ಕುರ್ಚಿ ಹಿಂದಕ್ಕೆ ವಾಲಿಸಿಕೊಂಡು, ಮುಖದ ಮೇಲೆ ಬಿಸಿ ಟವಲ್ ಹೊದ್ದು, ತುತ್ತೂರಿ ಮಾಮ ಆರಾಮಾಗಿ ಮಲಗಿದ್ದರು. ಅವರು ಬ್ಯಾಂಡಿನಲ್ಲಿ ತುತ್ತೂರಿ ಊದುವವರು. ಗಿರಗಿಟ್ಲೆ ನೆಲ ಗುಡಿಸುತ್ತಿದ್ದಳು.

"ದೊಡ್ಡಪ್ಪನ ಮನೆ ಅದೇ ಕಣೋ!"

ಬೀದಿಯ ತುದಿಯಿಂದಲೇ ಆ ದನಿ ಕೇಳಿಸಿತು. ಗಿರಗಿಟ್ಲೆಯ ಕೈಯಿಂದ ಪೊರಕೆ ಬಿತ್ತು. ಕಿಟಕಿಯಲ್ಲಿ ನೋಡಿದರೆ ಲೌಡ್‌ಸ್ಪೀಕರ್, ಅವಳ ಹಿಂದೆ ಒಂಟೆ ಅಂತ ಎಲ್ಲರೂ ಕರೆಯುವ ಉದ್ದನೆಯ ಹುಡುಗ. ಒಂಟೆಯ ಕೈಯಲ್ಲಿ ಒಂದು ಚೀಲ ಕಿತ್ತಳೆ. ದೊಡ್ಡಪ್ಪನನ್ನು ನೋಡಲು ಬಂದಿದ್ದಾರೆ!

"ಮಾಮಾ, ಮಾಮಾ!" ಗಿರಗಿಟ್ಲೆ ಟವಲಿನ ಹತ್ತಿರ ಬಗ್ಗಿದಳು. "ಸ್ವಲ್ಪ ಹೊತ್ತು ನನ್ನ ದೊಡ್ಡಪ್ಪ ಆಗ್ತೀರಾ? ಮೊಣಕಾಲು ನೋವಿರೋ ದೊಡ್ಡಪ್ಪ. ಟವಲ್ ಮಾತ್ರ ತೆಗೀಬೇಡಿ. ನಿಮ್ಮ ದಮ್ಮಯ್ಯ!"

ಟವಲಿನೊಳಗಿಂದ ದನಿ ಬಂತು, "ನನಗೇನು ಸಿಗತ್ತೆ?"

"ಕಿತ್ತಳೆ!"

"ಆಗಲಿ," ಅಂದಿತು ಟವಲ್ಲು.

ಇಬ್ಬರೂ ಒಳಗೆ ಬಂದರು. ತುತ್ತೂರಿ ಮಾಮ ಕೊಟ್ಟ ಮಾತಿಗೆ ತಪ್ಪಲಿಲ್ಲ. "ಅಯ್ಯಯ್ಯಯ್ಯಯ್ಯೋ!" ಅಂತ ಒಂದು ನರಳಾಟ ಶುರು ಮಾಡಿದರು ನೋಡಿ, ಊದಿ ಊದಿ ಪಳಗಿದ ಉಸಿರು, ಅದು ಮುಗಿಯುವ ಲಕ್ಷಣವೇ ಕಾಣಲಿಲ್ಲ. ಕನ್ನಡಿಯ ಮುಂದಿನ ಬಾಚಣಿಗೆಗಳೆಲ್ಲಾ ಅದುರಿದವು.

"ಪಾಪ!" ಅಂದಳು ಲೌಡ್‌ಸ್ಪೀಕರ್. "ಯಾವ ಮೊಣಕಾಲು ದೊಡ್ಡಪ್ಪಾ?"

"ಇದು," ಅಂತ ಮಾಮ ಬಲಗಾಲು ತೋರಿಸಿದರು. ಯಾಕೋ ಸಾಲದು ಅನಿಸಿ, "ಇದೂ," ಅಂತ ಎಡಗಾಲು. "ಮೊಣಕೈ ಕೂಡ. ಕಿವಿ ಕೂಡ ಸ್ವಲ್ಪ."

"ಕಿವೀನಾ?" ಅಂದ ಒಂಟೆ.

"ನೋವಿಗೆ ಏನಪ್ಪಾ ಗೊತ್ತು, ಎಲ್ಲಿ ಬೇಕಾದ್ರೂ ಹೋಗತ್ತೆ." ಮಾಮ ಟವಲಿನ ಅಡಿಯಿಂದ ಕೈ ಹಾಕಿ, ಒಂಟೆ ಸುಲಿದುಕೊಟ್ಟ ಒಂದು ಕಿತ್ತಳೆ ತೊಳೆ ಬಾಯಿಗೆ ಸೇರಿಸಿದರು.

"ಡಾಕ್ಟರ್ ಏನಂದ್ರು ದೊಡ್ಡಪ್ಪಾ?"

"ಡಾಕ್ಟರಾ? ಅಲುಗಾಡಲೇಬೇಡ ಅಂದ್ರು. ವರ್ಷಪೂರ್ತಿ ಹೀಗೇ ಬಿದ್ಕೊಂಡಿರಬೇಕಂತೆ. ಕೆಲಸ, ಆಟ, ತಿರುಗಾಟ, ಎಲ್ಲಾ ಬಂದ್!"

ಗಿರಗಿಟ್ಲೆ ಹಲ್ಲು ಕಚ್ಚಿದಳು. ಇದ್ಯಾವ ಡಾಕ್ಟರಪ್ಪ!

"ಔಷಧಿ ಕೊಟ್ಟಿದ್ದಾರಾ?"

"ಕೊಟ್ಟಿದ್ರು. ಒಂದಿನ ನೋವು ಕಮ್ಮಿ ಆಯ್ತು, ಇನ್ಯಾಕೆ ಅಂತ ಬಿಸಾಕ್ದೆ."

"ಬಿಸಾಕಬಾರದು!"

ಗಿರಗಿಟ್ಲೆ ಎಷ್ಟು ಜೋರಾಗಿ ಕೂಗಿದಳು ಅಂದರೆ ಲೌಡ್‌ಸ್ಪೀಕರೇ ಬೆಚ್ಚಿಬಿದ್ದಳು.

"ಕಮ್ಮಿ ಆಯ್ತು ಅಂತ ಔಷಧಿ ನಿಲ್ಲಿಸಬಾರದು! ಡಾಕ್ಟರ್ ಹೇಳೋವರೆಗೂ ತಗೋಬೇಕು! ಇನ್ನು ವರ್ಷಪೂರ್ತಿ ಮಲಗೋದಂತೆ! ಮಲಗಿದ್ರೆ ಇನ್ನೂ ಬಿಗಿದುಕೊಳ್ಳತ್ತೆ! ಎದ್ದ ಕೂಡಲೇ ಬಿಸಿ ಶಾಖ ಕೊಟ್ಟು, ಆಮೇಲೆ ಹೀಗೆ ಮೆಲ್ಲಗೆ ಮಡಿಸಬೇಕು, ಹೀಗೆ ಚಾಚಬೇಕು. ತುಂಬಾ ನೋವಾದ್ರೆ ನಿಲ್ಲಿಸಿ ಸುಮ್ನೆ ಕೂರಬೇಕು. ಕಿವಿ ನೋವಂತೆ, ಕಿವಿ! ನಾನು ಬೆಳಿಗ್ಗೆ ಮೆಟ್ಟಿಲಿಳಿಯೋಕೆ ಒದ್ದಾಡುವಾಗ ನನಗೇನು ಕಿವಿ ನೋಯ್ತಿರತ್ತಾ?"

ಅವಳು ಗೋಡೆ ಹಿಡಿದು ನಿಂತು, ತನ್ನದೇ ಕಾಲು ಮಡಿಸಿ, ಚಾಚಿ ತೋರಿಸುತ್ತಿದ್ದಳು. ಚಾಚಿದ ಕಾಲು ಹಾಗೇ ಗಾಳಿಯಲ್ಲಿ ನಿಂತಿತು.

"ನೀನು ಮೆಟ್ಟಿಲಿಳಿಯೋವಾಗಾ?" ಅಂದಳು ಲೌಡ್‌ಸ್ಪೀಕರ್.

ಅಷ್ಟರಲ್ಲಿ ಅಪ್ಪ ಬ್ಲೇಡಿನ ಪೊಟ್ಟಣ ಹಿಡಿದು ಒಳಗೆ ಬಂದ. "ಏನಿದು, ಜಾತ್ರೆ ಸೇರಿದೆ?"

"ನಿಮ್ಮಣ್ಣನ್ನ ನೋಡೋಕೆ ಬಂದ್ವಿ ಅಂಕಲ್," ಅಂದ ಒಂಟೆ.

"ನನಗೆ ಅಣ್ಣಾನಾ?"

ತುತ್ತೂರಿ ಮಾಮ ಟವಲ್ ತೆಗೆದು ಎದ್ದು ಕೂತರು. ಮೀಸೆಯಲ್ಲಿ ಕಿತ್ತಳೆ ಬೀಜ ಸಿಕ್ಕಿಕೊಂಡಿತ್ತು. "ನಾನೇ ಕಣಪ್ಪಾ ತಮ್ಮಾ," ಅಂದರು. "ನನಗೂ ಈವತ್ತೇ ಗೊತ್ತಾಗಿದ್ದು."

ಒಂಟೆ ಬಿದ್ದು ಬಿದ್ದು ನಕ್ಕ. ಗಿರಗಿಟ್ಲೆ ಮಾತ್ರ ಮೂಲೆಯ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟಳು.

ಸೋಮವಾರ ಶಾಲೆಗೆ ಹೋದರೆ ಅವಳು ಹೆದರಿದ್ದಂತೆಯೇ ಆಯಿತು. ಯಾರೂ ನಗಲಿಲ್ಲ, ಅದು ಬೇರೆ ಮಾತು. ಬದಲಿಗೆ ಎಲ್ಲರಿಗೂ ಸೇವೆ ಮಾಡುವ ಹುಚ್ಚು ಹಿಡಿದಿತ್ತು. ಒಬ್ಬ ಬ್ಯಾಗು ಕಿತ್ತುಕೊಂಡ. ಇನ್ನೊಬ್ಬ ನೀರು ತಂದ. ಲೌಡ್‌ಸ್ಪೀಕರ್ ಕಾರಿಡಾರಿನಲ್ಲಿ ಮುಂದೆ ಮುಂದೆ ನಡೆಯುತ್ತಾ, "ದಾರಿ ಬಿಡಿ! ಮೊಣಕಾಲು ಬರ್ತಿದೆ! ಮೊಣಕಾಲು ಬರ್ತಿದೆ!" ಅಂತ ಕೂಗಿದಳು. ಹೆಡ್‌ಮಾಸ್ಟರೇ ಗಾಬರಿಯಾಗಿ ಗೋಡೆಗೆ ಒರಗಿ ನಿಂತರು.

ಟೀಚರು ಬೈಯಲಿಲ್ಲ. ಅದೇ ಕೆಟ್ಟದಾಯಿತು. "ನೀನು ರೆಸ್ಟ್ ತಗೋ ಪುಟ್ಟಾ," ಅಂದರು ಮೆಲ್ಲಗೆ. "ಪರದೆ ಎಳೆಯೋ ಕೆಲಸ ಮಾಡು, ಕೂತ್ಕೊಂಡೇ ಮಾಡಬಹುದು. ಹಿಂಗಾಲು ಒಂಟೆ ಮಾಡ್ತಾನೆ."

ಗಿರಗಿಟ್ಲೆ ಪರದೆಯ ಹಗ್ಗ ಹಿಡಿದು ಕೂತಳು. ಒಂಟೆ ಕುದುರೆಯೊಳಗೆ ಹೊಕ್ಕ. ಅವನ ಎತ್ತರಕ್ಕೆ ಕುದುರೆಯ ಹಿಂಭಾಗ ಆಕಾಶಕ್ಕೂ ಮುಂಭಾಗ ನೆಲಕ್ಕೂ ಹೋಗಿ, ಅದು ಜಾರುಬಂಡೆಯಾಯಿತು. ಬಾಲದ ದಾರ ಎಲ್ಲಿದೆ ಅಂತಲೇ ಅವನಿಗೆ ಸಿಗಲಿಲ್ಲ. ಒದೆಯಲು ಹೇಳಿದರೆ ಲೌಡ್‌ಸ್ಪೀಕರಿಗೇ ಒದ್ದ.

ಗಿರಗಿಟ್ಲೆಗೆ ನಗು ಬರಲಿಲ್ಲ, ಹೊಟ್ಟೆ ಉರಿಯಿತು. ಮೊಣಕಾಲು ನೋಯುವುದು ಬೆಳಿಗ್ಗೆ ಮಾತ್ರ. ಇದು ಇಡೀ ದಿನ ನೋಯುವ ಹಾಗಿತ್ತು.

ಮಧ್ಯಾಹ್ನ ಅವಳು ಸೀದಾ ಟೀಚರ ಕೋಣೆಗೆ ಹೋದಳು. ಒಂಟಿ ಕಾಲಲ್ಲಿ ನಿಂತಳು. ಕೂತಳು, ಎದ್ದಳು. ತನ್ನ ಸುತ್ತ ತಾನೇ ಒಂದು ಸುತ್ತು ತಿರುಗಿದಳು.

"ನೋಡಿ ಮಿಸ್, ಈಗ ಚೆನ್ನಾಗಿದ್ದೀನಿ. ಬೆಳಿಗ್ಗೆ ಆಗಲ್ಲ, ಮಧ್ಯಾಹ್ನ ಆಗತ್ತೆ. ಡಾಕ್ಟರೇ ಓಡಾಡು ಅಂದಿದ್ದಾರೆ. ನೀವು ಫೋನ್ ಮಾಡಿ ಬೇಕಾದ್ರೆ ಕೇಳಿ. ನೋವಾದಾಗ ನಾನೇ ಹೇಳ್ತೀನಿ."

ಟೀಚರು ಅವಳನ್ನೇ ನೋಡಿದರು. "ಹೇಳ್ತೀಯಾ? ಇಷ್ಟು ದಿನ ದೊಡ್ಡಪ್ಪಂಗೆ ನೋವು ಅಂದೆ. ನಿನಗೆ ಅಂತ ಒಂದು ಸಲಾನೂ ಹೇಳ್ಲಿಲ್ಲ."

"ಹೇಳಿದ್ರೆ ಹಿಂಗಾಲು ಹೋಗತ್ತೆ ಅಂತ ಮಿಸ್," ಅಂದಳು ಗಿರಗಿಟ್ಲೆ.

"ನೀನು ಹೇಳಿದ್ದಿದ್ರೆ ನಾನು ಪ್ರಾಕ್ಟೀಸನ್ನ ಮಧ್ಯಾಹ್ನಕ್ಕೆ ಇಡ್ತಿದ್ದೆ. ಅಷ್ಟೇ ತಾನೇ?"

ಅಷ್ಟೇ ತಾನೇ! ಗಿರಗಿಟ್ಲೆಗೆ ಇದು ಹೊಳೆದೇ ಇರಲಿಲ್ಲ.

ಟೀಚರು ಅಮ್ಮನಿಗೂ ಡಾಕ್ಟರಿಗೂ ಫೋನ್ ಮಾಡಿದರು. ಮಾರನೆಯ ದಿನದಿಂದ ಪ್ರಾಕ್ಟೀಸು ಊಟದ ಮೇಲೆ. "ಒಂದೇ ಷರತ್ತು," ಅಂದರು ಟೀಚರು. "ನೋವಾದ್ರೆ ಆಗಲೇ ಹೇಳಬೇಕು. ಮುಚ್ಚಿಟ್ರೆ ಹಿಂಗಾಲು ವಾಪಸ್ ಒಂಟೆಗೆ." ಒಂಟೆಗೂ ಹಿಂಗಾಲು ಬಿಟ್ಟರೆ ಸಾಕಾಗಿತ್ತು. ಕುದುರೆಯೊಳಗೆ ಅವನಿಗೆ ಸೊಂಟ ಹಿಡಿದುಕೊಂಡಿತ್ತು.

ಆಮೇಲೆ ಪ್ರಾಕ್ಟೀಸಿನಲ್ಲಿ ಒಂದು ದಿನವೂ ನೋವು ಬರಲಿಲ್ಲ. ಹಾಗಾಗಿ ಹೇಳುವ ಪ್ರಸಂಗವೂ ಬರಲಿಲ್ಲ.

ವಾರ್ಷಿಕೋತ್ಸವದ ಸಂಜೆ ಸಭಾಂಗಣ ತುಂಬಿಹೋಗಿತ್ತು. ಅಪ್ಪ, ಅಮ್ಮ, ಅವರ ಪಕ್ಕದಲ್ಲಿ ಹೊಸದಾಗಿ ಗೊತ್ತಾದ ದೊಡ್ಡಪ್ಪನಂತೆ ತುತ್ತೂರಿ ಮಾಮ. ನಾಟಕಕ್ಕೆ ಮುಂಚೆ ಮುಖ್ಯ ಅತಿಥಿಗಳ ಭಾಷಣ. ಅವರು "ಕೊನೆಯದಾಗಿ ಒಂದು ಮಾತು" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರಿಗೆ ಹುರುಪು ಬಂದು ಇನ್ನಷ್ಟು ಮಾತಾಡಿದರು. ಕುದುರೆ ಪರದೆಯ ಹಿಂದೆ ಬಗ್ಗಿಕೊಂಡು ಕಾಯುತ್ತಲೇ ಇತ್ತು. ಕೂರೋಣ ಅಂದರೆ ಈಗ ಮುಗಿಯುತ್ತೆ, ಈಗ ಮುಗಿಯುತ್ತೆ ಅನಿಸುತ್ತಿತ್ತು.

ಅಂತೂ ಪರದೆ ಎದ್ದಿತು. ಕುದುರೆ ಓಡಿ ಬಂತು. ಬಾಲ ಸೆಟೆದು ನಿಂತಿತು, ವ್ಯಾಪಾರಿಯ ಮೂಗಿಗೆ ಬಡಿಯಿತು, ಜನ ಹೋ ಅಂತ ನಕ್ಕರು. ಗಿರಗಿಟ್ಲೆ ಕತ್ತಲಲ್ಲಿ ಹಿಗ್ಗಿ ಹೀರೇಕಾಯಿಯಾದಳು. ಇನ್ನು ವೇದಿಕೆಯ ಸುತ್ತ ಓಟ. ವ್ಯಾಪಾರಿ ಅಟ್ಟಿಸಿಕೊಂಡು ಬರಬೇಕು, ಕುದುರೆ ಸಿಗಬಾರದು.

ಆಗಲೇ ಎಡ ಮೊಣಕಾಲು ಹಿಡಿದುಕೊಂಡಿತು.

ಹಾಳು ಕಾವಲುಗಾರರು! ಇಂಥ ಹೊತ್ತಲ್ಲದ ಹೊತ್ತಿಗೆ! ಗಿರಗಿಟ್ಲೆ ತುಟಿ ಕಚ್ಚಿ ಒಂದು ಹೆಜ್ಜೆ ಇಟ್ಟಳು. ಇನ್ನೊಂದು. ಒಳಗೆ ಯಾರಿಗೂ ಅವಳ ಮುಖ ಕಾಣುತ್ತಿರಲಿಲ್ಲ. ಹೇಗಾದರೂ ತಡೆದುಕೊಂಡರೆ ಗೊತ್ತೇ ಆಗುವುದಿಲ್ಲ. ಹೇಳಿದರೆ ನಾಟಕ ನಿಂತರೆ? ಎಲ್ಲರೂ ಪಾಪ ಅಂದರೆ? ಮತ್ತೆ ಪರದೆಯ ಹಗ್ಗವೇ ಗತಿಯಾದರೆ?

ಗಿರಗಿಟ್ಲೆ ಮುಂದಿದ್ದ ಲೌಡ್‌ಸ್ಪೀಕರಿನ ಸೊಂಟವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನೋಯ್ತಿದೆ ಕಣೇ," ಅಂದಳು.

ಆಗ ಒಂದು ವಿಚಿತ್ರ ನಡೆಯಿತು. ಹುಟ್ಟಿದಾಗಿನಿಂದ ಮೊದಲ ಸಲ ಲೌಡ್‌ಸ್ಪೀಕರ್ ಪಿಸುಗುಟ್ಟಿದಳು.

"ತುಂಬಾನಾ? ನಿಧಾನ ಹೋಗೋಣ್ವಾ? ಕೂರೋಣ್ವಾ?"

"ಕೂರೋಣ."

ಕುದುರೆ ವೇದಿಕೆಯ ನಟ್ಟನಡುವೆ ಕೂತುಬಿಟ್ಟಿತು. ಮೊದಲು ಹಿಂದೆ, ಆಮೇಲೆ ಮುಂದೆ.

ಅಟ್ಟಿಸಿಕೊಂಡು ಬರುತ್ತಿದ್ದ ವ್ಯಾಪಾರಿ ಕಕ್ಕಾಬಿಕ್ಕಿ. ಅವನು ಬಾಯಿಪಾಠ ಮಾಡಿದ್ದ ಮಾತಿನಲ್ಲಿ ಇದಿರಲಿಲ್ಲ. "ಏಯ್... ಓಡು! ನಾನು ಅಟ್ಟಿಸ್ಕೊಂಡು ಬರ್ತಾ ಇದ್ದೀನಿ!" ಅಂದ. ಕುದುರೆ ಅಲ್ಲಾಡಲಿಲ್ಲ. ಅವನು ಕುದುರೆಯ ಸುತ್ತ ತಾನೇ ಒಂದು ಸುತ್ತು ಓಡಿದ. ಏನೂ ತೋಚದೆ ಇನ್ನೊಂದು ಸುತ್ತು ಓಡಿ, ಸುಸ್ತಾಗಿ, ಕುದುರೆಯ ಪಕ್ಕ ಧೊಪ್ಪನೆ ಕೂತ. "ಹೋಗ್ಲಿ ಬಿಡು ಮಾರಾಯ್ತಿ, ಸಂತೆ ಎಲ್ಲಿಗೆ ಓಡಿಹೋಗತ್ತೆ," ಅಂದ.

ಸಭಾಂಗಣ ಬಿರಿದುಹೋಗುವ ಹಾಗೆ ನಕ್ಕಿತು. ಎಲ್ಲರಿಗಿಂತ ಜೋರು ತುತ್ತೂರಿ ಮಾಮನ ನಗು. ಪರದೆಯ ಪಕ್ಕ ನಿಂತಿದ್ದ ಟೀಚರು ನಗು ತಡೆಯಲು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದರು.

ಒಳಗೆ ಕತ್ತಲೆ, ಸೆಕೆ, ಹಳೇ ಕಂಬಳಿಯ ವಾಸನೆ. ಗಿರಗಿಟ್ಲೆ ಕಾಲು ಚಾಚಿದಳು. ಮೆಲ್ಲಗೆ ಮಡಿಸಿದಳು, ಚಾಚಿದಳು. ನೋವು ಇತ್ತು. ನಾಟಕವೂ ಇತ್ತು. ಅವಳು ಹೇಳಿದ್ದಕ್ಕೆ ಏನೂ ಬಿದ್ದುಹೋಗಿರಲಿಲ್ಲ. ದಾರ ಇನ್ನೂ ಅವಳ ಕೈಯಲ್ಲೇ ಇತ್ತು. ಸುಮ್ಮನೆ ಎಳೆದಳು. ಹೊರಗೆ ಬಾಲ ಎದ್ದಿತು, ಜನ ಮತ್ತೆ ನಕ್ಕರು.

"ಈಗ ಏಳೋಣ್ವಾ?" ಮುಂಭಾಗ ಕೇಳಿತು.

"ಇನ್ನೊಂಚೂರು," ಅಂದಿತು ಹಿಂಭಾಗ.

ಕುದುರೆ ಇನ್ನೊಂಚೂರು ಹೊತ್ತು ಕೂತಿತು.